ಹಾಯಿದೋಣಿಯ ಸಂಸಾರಕ್ಕೆ ನೀರಿನ ಲೆಕ್ಕ

ಚಿತ್ರದುರ್ಗದವರಿಗೆ ಸಮುದ್ರದ ಮೇಲೆ ಸಂಸಾರ ಮಾಡಲು ಹೇಗೆ ಸಾಧ್ಯವಾಯಿತು ಎಂದು ಕೇಳುತ್ತಾರೆ. ಹಾಯಿ ಕಟ್ಟುವುದನ್ನು, ಲಂಗರು ಹಾಕುವುದನ್ನು ಕಲಿತೆವು. ನೀರನ್ನು ಅಳೆದು ಬಳಸುವುದನ್ನು ಮಾತ್ರ ಕಲಿಯಬೇಕಾಗಲಿಲ್ಲ. 1933ರ ನಂತರ ವಾಣಿವಿಲಾಸ ಸಾಗರ ಕೋಡಿ ಬಿದ್ದದ್ದು 2022ರಲ್ಲಿ; ಅಂಥ ಜಿಲ್ಲೆಯಲ್ಲಿ ಬೆಳೆದವರು ನಾವು.

ಈಶಾನ್ಯ ಮಾರುತದ ಕಾಲದಲ್ಲಿ ನಾನು, ನನ್ನ ಗಂಡ ಮತ್ತು ಇಬ್ಬರು ಮಕ್ಕಳು ಮಲೇಷ್ಯಾದ ಲಂಕಾವಿಯಿಂದ ಥಾಯ್ಲೆಂಡಿನ ಫುಕೆಟ್ ಕಡೆಗೆ ದ್ವೀಪದಿಂದ ದ್ವೀಪಕ್ಕೆ ಸಾಗಿದೆವು. ಆಗ ಗಾಳಿ ನೆಲದ ಕಡೆಯಿಂದ ಬೀಸುವುದರಿಂದ ಅಲೆಗಳು ಸಣ್ಣವು. ಮಕ್ಕಳನ್ನು ಕರೆದೊಯ್ಯುವವರು ಈ ಕಾಲವನ್ನೇ ಆರಿಸಿಕೊಳ್ಳಬೇಕು. ಆದರೆ ಮಳೆ ಅಪರೂಪ, ದೋಣಿಯಲ್ಲಿದ್ದದ್ದು 300 ಲೀಟರ್ ಸಿಹಿನೀರು.

ಹೊರಡುವ ಮೊದಲು ವಿದ್ಯುತ್ ಪಂಪಿನ ನಲ್ಲಿ ತೆಗೆಸಿ, ಕಾಲಿನಿಂದ ಒತ್ತುವ ಪಂಪು ಹಾಕಿಸಿದೆ. ಒತ್ತಿದಷ್ಟೇ ನೀರು, ಎರಡು ಕೈಗಳಿಗೂ ಬಿಡುವು. ಪಕ್ಕದಲ್ಲಿ ಸಮುದ್ರದ ನೀರಿಗೆ ಇನ್ನೊಂದು ಪಂಪು. ಬಂದರಿನಿಂದ ದೂರ ಬಂದ ಮೇಲೆ ಪಾತ್ರೆಗಳನ್ನು ಉಪ್ಪುನೀರಿನಲ್ಲಿ ತಿಕ್ಕಿ, ಕೊನೆಗೆ ಒಂದು ಲೋಟ ಸಿಹಿನೀರಿನಲ್ಲಿ ಜಾಲಿಸುತ್ತಿದ್ದೆ. ಸಾರಿಗೆ ಉಪ್ಪಿನ ಬದಲು ಒಂದು ಸೌಟು ಸಮುದ್ರದ ನೀರು. ದೋಣಿ ವಾಲಿದಾಗ ತಾನೂ ತೂಗಿ ಸಮವಾಗಿ ನಿಲ್ಲುವ ಒಲೆಯ ಮೇಲೆ ಕುಕ್ಕರಿಗಿಂತ ಒಳ್ಳೆಯ ಪಾತ್ರೆ ಇಲ್ಲ: ಮುಚ್ಚಳ ಬಿಗಿ, ಚೆಲ್ಲುವ ಭಯವಿಲ್ಲ, ಗ್ಯಾಸೂ ನೀರೂ ಉಳಿತಾಯ. ಅಲೆ ಜೋರಾದ ದಿನ ಒಲೆ ಹಚ್ಚದೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತಿನ್ನುತ್ತಿದ್ದೆವು.

"ಸ್ನಾನಕ್ಕೆ ಏನು ಮಾಡುತ್ತೀರಮ್ಮ?" ಎಂದು ಅತ್ತೆಯವರು ಫೋನಿನಲ್ಲಿ ಕೇಳುತ್ತಿದ್ದರು. ಸಮುದ್ರದಲ್ಲೇ ಮುಳುಗಿ, ಶಾಂಪೂ ಹಚ್ಚಿ ತೊಳೆದುಕೊಂಡು (ಸಾಬೂನು ಅಲ್ಲಿ ನೊರೆ ಬಿಡುವುದಿಲ್ಲ), ಮೇಲೆ ಬಂದು ಮುಚ್ಚಳಕ್ಕೆ ತೂತು ಕೊರೆದ ಬಾಟಲಿಯಿಂದ ಒಂದು ಲೀಟರ್ ಸಿಹಿನೀರು. ಈ ಕೊನೆಯ ನೀರಿನಲ್ಲಿ ಜಿಪುಣತನ ಕೂಡದು. ಉಪ್ಪು ಉಳಿದರೆ ಅದು ಗಾಳಿಯ ತೇವ ಹೀರಿ ಬಟ್ಟೆ, ಹಾಸಿಗೆ ಒಣಗುವುದೇ ಇಲ್ಲ. ಮಕ್ಕಳ ಚರ್ಮ ಕೆರಳುತ್ತದೆ.

ರಾತ್ರಿ ಪಯಣದಲ್ಲಿ ಕತ್ತಲಾದ ಮೇಲೆ ನಡುಪಟ್ಟಿಗೆ ಹಗ್ಗ ಬಿಗಿಯದೆ ಯಾರೂ ಮೇಲೆ ಬರುವಂತಿರಲಿಲ್ಲ, ದೊಡ್ಡವರೂ ಸೇರಿ. ದೂರದಲ್ಲಿ ಬೊಂಡಾಸ (ಸ್ಕ್ವಿಡ್) ಹಿಡಿಯುವ ದೋಣಿಗಳ ಹಸಿರು ದೀಪ ಎಣಿಸುವುದು ಮಗಳ ಪಾಲಿನ ಕಾವಲು.

ಉಪ್ಪುನೀರನ್ನು ಸಿಹಿಯಾಗಿಸುವ ಯಂತ್ರವೂ ಇತ್ತು. ಬಂದರಿನ ಎಣ್ಣೆ ಬೆರೆತ ನೀರು ಅದರ ಪೊರೆಯನ್ನೇ ಕೆಡಿಸುವುದರಿಂದ ತಿಳಿನೀರಿನಲ್ಲಿ ಮಾತ್ರ ನಡೆಸುತ್ತಿದ್ದೆವು. ಅದನ್ನೇ ನಂಬಿ ಹೊರಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಳೆ ಬಂದರೆ ಬಿಸಿಲುಮರೆಯ ಬಟ್ಟೆಯ ಧೂಳು, ಉಪ್ಪು ತೊಳೆದುಹೋಗುವವರೆಗೆ ಕಾದು, ಆಮೇಲೆ ಕೊಳವೆಯನ್ನು ಟ್ಯಾಂಕಿಗೆ ತಿರುಗಿಸಬೇಕು.

ನೀರು ಎರಡು ಟ್ಯಾಂಕುಗಳಲ್ಲಿತ್ತು. ಚಿತ್ರದುರ್ಗದ ಕೋಟೆಯ ಅಕ್ಕ-ತಂಗಿ ಹೊಂಡ ನೆನೆದು ಮಕ್ಕಳು ಅವಕ್ಕೆ ಅಕ್ಕ, ತಂಗಿ ಎಂದು ಹೆಸರಿಟ್ಟಿದ್ದರು. ನಡುವಿನ ವಾಲ್ವ್ ಸದಾ ಮುಚ್ಚಿರಬೇಕು: ಒಂದರ ನೀರು ಕೆಟ್ಟರೂ, ಸೋರಿದರೂ ಇನ್ನೊಂದು ಉಳಿಯುತ್ತದೆ. ಅಕ್ಕ ಬರಿದಾದ ದಿನವೇ ನಾವು ನೀರು ಸಿಗುವ ದ್ವೀಪದ ಕಡೆ ದೋಣಿ ತಿರುಗಿಸುತ್ತಿದ್ದೆವು.