ಸಿಂಗಪುರಕ್ಕೆ ಹೊಸದಾಗಿ ಬಂದವರಿಗೆ: ಮನೆಯಲ್ಲೇ ಮಸಾಲೆ ತರಕಾರಿ ಪಾವ್

ಸಿಂಗಪುರಕ್ಕೆ ಬಂದು ಒಂದು ವಾರ ಆಗಿದ್ದರೂ ಸಾಕು, ಪಾವ್ ನಿಮ್ಮ ಕಣ್ಣಿಗೆ ಬಿದ್ದಿರುತ್ತದೆ. ಕಾಫಿ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ, ಹಬೆಯ ನಡುವೆ, ಬೆಳ್ಳಗೆ ದುಂಡಗೆ ಕೂತಿರುತ್ತವಲ್ಲ, ಅವೇ. ಪಾವ್‌ಭಾಜಿಯ ಪಾವ್‌ಗೂ ಇದಕ್ಕೂ ಸಂಬಂಧವಿಲ್ಲ. ಇದು ಹಬೆಯಲ್ಲಿ ಬೆಂದ ಮೆತ್ತನೆ ಬನ್ನು, ಒಳಗೆ ಹೂರಣ. ಇಲ್ಲೂ ಪಕ್ಕದ ಮಲೇಷ್ಯಾದಲ್ಲೂ ಆಲೂಗಡ್ಡೆ ಮಸಾಲೆ ತುಂಬಿದ್ದೂ ಸಿಗುತ್ತದೆ. ಮಲಯ್‌ನಲ್ಲಿ ಅದು 'ಕರಿ ಕೆಂಟಾಂಗ್'. ಕೆಂಟಾಂಗ್ ಅಂದರೆ ಆಲೂಗಡ್ಡೆ.

ಸಸ್ಯಾಹಾರಿಗಳು ಅಂಗಡಿ ಪಾವ್ ಕೊಳ್ಳುವ ಮುಂಚೆ ಸ್ವಲ್ಪ ವಿಚಾರಿಸಬೇಕು. ಹಳೇ ಪದ್ಧತಿಯಲ್ಲಿ ಹಿಟ್ಟಿಗೇ ಹಂದಿ ಕೊಬ್ಬು ಹಾಕುತ್ತಾರೆ. ಸಿಹಿ ಕೆಂಪು ಕಾಳಿನ ಪಾವ್‌ನ ಹೂರಣದಲ್ಲೂ ಕೆಲವು ಕಡೆ ಅದು ಇರುತ್ತದೆ. 'ವೆಜಿಟಬಲ್' ಅಂದರೆ ತರಕಾರಿ ಇದೆ ಅಂತ ಮಾತ್ರ. ಜೊತೆಗೆ ಒಣ ಸಿಗಡಿ, ಮೊಟ್ಟೆ ಇದ್ದರೂ ಅಂಗಡಿಯವರಿಗೆ ಅದು ವೆಜಿಟಬಲ್ಲೇ. 'ನೋ ಪೋರ್ಕ್, ನೋ ಲಾರ್ಡ್' (ಲಾರ್ಡ್ ಅಂದರೆ ಹಂದಿ ಕೊಬ್ಬು) ಬೋರ್ಡು ನೋಡಿ ನೆಮ್ಮದಿ ಪಡಬೇಡಿ. ಹಂದಿ ಇಲ್ಲ ಅಷ್ಟೇ, ಕೋಳಿ ಮೀನು ಇರಬಹುದು. ಹಲಾಲ್ ಗುರುತಿಗೂ ಇದೇ ಮಾತು. ಚೀನೀ ಬೌದ್ಧ ಸಸ್ಯಾಹಾರಿ ಅಂಗಡಿಗಳು ಮಾತ್ರ ನಂಬಿಕೆಯವು. ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಸಾಮಾನ್ಯವಾಗಿ ಇರುವುದಿಲ್ಲ, ಏಕಾದಶಿ ಮರುದಿನದ ನಮ್ಮ ಅಜ್ಜಿಯರೂ ತಿನ್ನಬಹುದು. ಆದರೆ ಅಲ್ಲಿ ಖಾರ ಮಸಾಲೆ ನಮ್ಮ ನಾಲಿಗೆಗೆ ಸಾಲುವುದಿಲ್ಲ. ಹಾಗಾಗಿ ಮನೆಯಲ್ಲಿ ಮಾಡಿಕೊಳ್ಳುವುದೇ ವಾಸಿ.

ಇನ್ನೊಂದು ಕಾರಣವೂ ಇದೆ. ಬಾಡಿಗೆ ಮನೆ ಹುಡುಕುವಾಗ 'ಲೈಟ್ ಕುಕಿಂಗ್ ಮಾತ್ರ' ಅನ್ನುವ ಮಾತು ನೀವು ಕೇಳಿರುತ್ತೀರಿ. ಕರಿದದ್ದು, ಹೊಗೆ, ಘಾಟು ಬೇಡ ಅಂತ ಅದರ ಅರ್ಥ. ಹಬೆಯಲ್ಲಿ ಬೇಯಿಸುವುದಕ್ಕೆ ಯಾವ ಮನೆಯೊಡೆಯರೂ ಮುಖ ಸಿಂಡರಿಸುವುದಿಲ್ಲ. ಒಗ್ಗರಣೆಯ ಐದು ನಿಮಿಷ ಮಾತ್ರ ಕಿಟಕಿ ತೆಗೆದಿಟ್ಟುಕೊಳ್ಳಿ.

ಮೊದಲು ಹಿಟ್ಟಿನ ವಿಷಯ. ಲಿಟಲ್ ಇಂಡಿಯಾದಿಂದ ಮೈದಾ ತರಬೇಡಿ. ಫೇರ್‌ಪ್ರೈಸ್, ಶೆಂಗ್ ಸಿಯೊಂಗ್ ಸೂಪರ್‌ಮಾರ್ಕೆಟ್‌ಗಳಲ್ಲಿ ಅಥವಾ ಬೇಕಿಂಗ್ ಸಾಮಾನಿನ ಫೂನ್ ಹುವಾಟ್ ಅಂಗಡಿಯಲ್ಲಿ 'ಪಾವ್ ಫ್ಲೋರ್' ಅಥವಾ 'ಹಾಂಗ್‌ಕಾಂಗ್ ಫ್ಲೋರ್' ಕೇಳಿ. ಪೊಟ್ಟಣದ ಹಿಂದೆ ಪ್ರೋಟೀನ್ ಎಷ್ಟು ಅಂತ ನೋಡಿ. 100 ಗ್ರಾಂಗೆ 8–9 ಗ್ರಾಂ ಇದ್ದರೆ ಸರಿ. ಪ್ರೋಟೀನ್ ಜಾಸ್ತಿ ಇದ್ದಷ್ಟೂ ಹಿಟ್ಟಿಗೆ ಜಿಗುಟು ಜಾಸ್ತಿ, ಬನ್ನು ಅಗಿಯುವ ಹಾಗಾಗುತ್ತದೆ. ಮೈದಾದಲ್ಲಿ ಮಾಡಿದರೆ ತಿನ್ನಬಹುದು, ಆದರೆ ಆ ಹತ್ತಿಯಂಥ ಮೆತ್ತನೆತನ ಬರುವುದಿಲ್ಲ. 'ಗೋಧಿ ಹಿಟ್ಟಲ್ಲಿ ಮಾಡಬಾರದಾ?' ಅಂತ ಊರಿಂದ ಅಮ್ಮ ಫೋನಿನಲ್ಲಿ ಕೇಳಿಯೇ ಕೇಳುತ್ತಾರೆ. ಕಾಲು ಭಾಗ ಬೆರೆಸಿ ನೋಡಿ, ಅದಕ್ಕಿಂತ ಜಾಸ್ತಿ ಬೇಡ.

ಹತ್ತು ಪಾವ್‌ಗೆ ಅಳತೆ ಹೀಗೆ: ಪಾವ್ ಹಿಟ್ಟು 300 ಗ್ರಾಂ, ಸಕ್ಕರೆ 45 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 1 ಟೀ ಚಮಚ, ಬೇಕಿಂಗ್ ಪೌಡರ್ 1 ಟೀ ಚಮಚ, ಎಣ್ಣೆ 1 ದೊಡ್ಡ ಚಮಚ, ಚಿಟಿಕೆ ಉಪ್ಪು, ನೀರು 150ರಿಂದ 160 ಮಿಲಿ. ಸಕ್ಕರೆ ಜಾಸ್ತಿ ಅನ್ನಿಸಿದರೆ 30 ಗ್ರಾಂಗೆ ಇಳಿಸಿ. ತೀರಾ ಇಲ್ಲದಿದ್ದರೆ ರುಚಿ ಸಪ್ಪೆ. ಇಲ್ಲಿಯವರು ಒಳಗಿನ ಖಾರಕ್ಕೆ ಹೊರಗಿನ ಸಿಹಿಯನ್ನೇ ಜೋಡಿ ಮಾಡಿದ್ದಾರೆ, ತಿಂದರೆ ಗೊತ್ತಾಗುತ್ತದೆ.

ಹೂರಣವನ್ನು ಹಿಟ್ಟು ಕಲಸುವ ಮುಂಚೆಯೇ ಮಾಡಿ ಆರಲು ಬಿಡಿ. ಬಿಸಿ ಪಲ್ಯ ತುಂಬಿದರೆ ಹಿಟ್ಟು ಕರಗಿದ ಹಾಗಾಗಿ ತಳ ಒಡೆಯುತ್ತದೆ. ಪಾವ್ ಕೆಡುವುದು ಹೆಚ್ಚಾಗಿ ಹೂರಣದ ನೀರಿನಿಂದಲೇ, ಹಿಟ್ಟಿನಿಂದಲ್ಲ. ಮಸಾಲೆ ದೋಸೆಯ ಪಲ್ಯ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಅದು ಇಲ್ಲಿಗೆ ತೀರಾ ಸಡಿಲ. ಎರಡು ಆಲೂಗಡ್ಡೆಯನ್ನು, ಸುಮಾರು 250 ಗ್ರಾಂ, ಸಿಪ್ಪೆ ತೆಗೆದು ಕಡಲೆಕಾಳಿಗಿಂತ ತುಸು ದೊಡ್ಡದಾಗಿ ಹೆಚ್ಚಿ. ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಶುಂಠಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಹಾಕಿ. ಈರುಳ್ಳಿ ಕೆಂಪಗಾದ ಮೇಲೆ ಆಲೂಗಡ್ಡೆ, ಅರಿಸಿನ, ಎರಡು ಚಮಚ ಮಸಾಲೆ ಪುಡಿ. ಸ್ವಲ್ಪ ನೀರು ಚಿಮುಕಿಸಿ ಮುಚ್ಚಿ ಬೇಯಿಸಿ. ಬೆಂದ ಮೇಲೆ ಮುಚ್ಚಳ ತೆಗೆದು, ಬಾಣಲೆಯ ತಳ ಒಣಗುವವರೆಗೆ ಹುರಿಯಿರಿ. ಕಾಲು ಭಾಗವನ್ನು ಸೌಟಿನಿಂದ ಹಿಸುಕಿದರೆ ಉಳಿದ ಹೋಳುಗಳನ್ನು ಅದೇ ಹಿಡಿದಿಡುತ್ತದೆ. ಉಪ್ಪು ಖಾರ ತುಸು ಮುಂದೇ ಇರಲಿ, ಸಿಹಿ ಹಿಟ್ಟು ಅದನ್ನು ತಗ್ಗಿಸುತ್ತದೆ.

ಮಸಾಲೆ ಪುಡಿ ಯಾವುದು? ಊರಿಂದ ತಂದ ವಾಂಗಿಬಾತ್ ಪುಡಿ ಚೆನ್ನಾಗಿ ಹೊಂದುತ್ತದೆ. ಅದು ಮುಗಿದಿದ್ದರೆ ಇಲ್ಲಿಯ ಕರಿ ಪೌಡರ್ ಬಳಸಿ. 'ಮೀಟ್ ಕರಿ ಪೌಡರ್' ಅಂತ ಬರೆದಿದ್ದರೆ ಹೆದರಿ ವಾಪಸ್ ಇಡಬೇಡಿ. ಮಾಂಸದ ಅಡುಗೆಗೆ ಅಂತ ಹೆಸರು ಅಷ್ಟೇ, ಸಾಮಾನ್ಯವಾಗಿ ಒಳಗಿರುವುದು ಕೊತ್ತಂಬರಿ, ಮೆಣಸಿನಕಾಯಿ, ಜೀರಿಗೆ, ಸೋಂಪು. ಸುಮ್ನೆ ಒಮ್ಮೆ ಲೇಬಲ್ ಓದಿಬಿಡಿ. ಕರಿಬೇವು ಲಿಟಲ್ ಇಂಡಿಯಾದ ಟೆಕ್ಕಾ ಮಾರುಕಟ್ಟೆಯಲ್ಲಿ ತಾಜಾ ಸಿಗುತ್ತದೆ. ಅಲ್ಲೇ ತುರಿದ ತೆಂಗಿನಕಾಯಿ ಕಂಡರೂ ಇದಕ್ಕೆ ಬೇಡ. ಈ ಸೆಕೆಗೆ ಬೇಗ ಹಳಸುತ್ತದೆ.

ಎಲೆಕೋಸು ಹಾಕುವವರು ಉಪ್ಪು ಸವರಿ ಹಿಂಡಿ ನೀರು ತೆಗೆಯಬೇಕು. ಬಟಾಣಿ, ಕ್ಯಾರೆಟ್ ಧಾರಾಳವಾಗಿ ಹಾಕಿ. ಬದನೆ, ಟೊಮೆಟೊ ಬೇಡವೇ ಬೇಡ. ಇಲ್ಲಿಯ ತರಕಾರಿಯಲ್ಲಿ ನನ್ನ ಇಷ್ಟದ್ದು ಬಂಗ್‌ಕ್ವಾಂಗ್. ಮಾರುಕಟ್ಟೆಯಲ್ಲಿ 'ಟರ್ನಿಪ್' ಅಂತಲೂ ಕರೆಯುತ್ತಾರೆ. ಕಂದು ಸಿಪ್ಪೆಯ, ಒಳಗೆ ಬಿಳಿಯಾದ ಗಡ್ಡೆ, ಹಸಿಯಾಗಿ ತಿಂದರೂ ತುಸು ಸಿಹಿ. ತುರಿದು, ನೀರು ಇಂಗುವವರೆಗೆ ಹುರಿದು, ಮೆಣಸಿನಪುಡಿ ಹಾಕಿದರೆ ಆಲೂಗಡ್ಡೆಗಿಂತ ಹಗುರ. ಉದುರುದುರಾದ ಹೆಸರುಬೇಳೆ ಉಸಲಿಯೂ ನಡೆಯುತ್ತದೆ.

ಈಗ ಹಿಟ್ಟು. ಬೇಕಿಂಗ್ ಪೌಡರನ್ನು ಹಿಟ್ಟಿನ ಜೊತೆ ಜರಡಿ ಹಿಡಿಯಿರಿ. ಗಂಟು ಉಳಿದರೆ ಬೆಂದ ಮೇಲೆ ಹಳದಿ ಚುಕ್ಕೆ ಕಾಣುತ್ತದೆ. ಎಲ್ಲ ಸೇರಿಸಿ ಹತ್ತು ನಿಮಿಷ ಚೆನ್ನಾಗಿ ನಾದಿ. ಮೇಲ್ಮೈ ನುಣುಪಾಗಬೇಕು. ಹತ್ತು ನಿಮಿಷ ಮುಚ್ಚಿಟ್ಟು ಹತ್ತು ಉಂಡೆ ಮಾಡಿ. ಲಟ್ಟಿಸುವಾಗ ನಡುವೆ ದಪ್ಪ, ಅಂಚು ತೆಳ್ಳಗೆ. ಒಂದು ದೊಡ್ಡ ಚಮಚ ಹೂರಣ ಇಟ್ಟು, ಮೋದಕಕ್ಕೆ ಮಾಡುವ ಹಾಗೆ ಅಂಚನ್ನು ನೆರಿಗೆ ಹಿಡಿಯುತ್ತಾ ಬನ್ನಿ, ಕೊನೆಗೆ ತುದಿ ತಿರುಚಿ ಮುಚ್ಚಿ. ಅಂಚಿಗೆ ಎಣ್ಣೆ ತಾಗಿದರೆ ಅಂಟುವುದಿಲ್ಲ. ನೆರಿಗೆ ಬರದಿದ್ದರೆ ಗಂಟು ಕೆಳಗೆ ಮಾಡಿ ಇಡಿ, ಮೇಲೆ ನುಣ್ಣಗಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಪ್ರತಿಯೊಂದನ್ನೂ ಚೌಕವಾಗಿ ಕತ್ತರಿಸಿದ ಬೇಕಿಂಗ್ ಪೇಪರ್ ಮೇಲೆ ಇಟ್ಟು ಉಬ್ಬಲು ಬಿಡಿ. ಇಂಗ್ಲೆಂಡ್, ಅಮೆರಿಕದವರು ಬರೆದ ವಿಧಾನದಲ್ಲಿ ಒಂದು ಗಂಟೆ ಅಂತಿದ್ದರೆ ಅದನ್ನು ಮರೆತುಬಿಡಿ. ಇಲ್ಲಿಯ ಸೆಕೆಗೆ 25–30 ನಿಮಿಷ ಸಾಕು. ಏಸಿ ಹಾಕಿದ ಕೋಣೆಯಾದರೆ ಇನ್ನಷ್ಟು. ಕೈಗೆತ್ತಿಕೊಂಡರೆ ಹಗುರ ಅನ್ನಿಸಬೇಕು, ಬೆರಳು ಒತ್ತಿದ ಗುಳಿ ನಿಧಾನವಾಗಿ ಮೇಲೆ ಬರಬೇಕು. ಗುಳಿ ಹಾಗೇ ಉಳಿದರೆ ಹೊತ್ತು ಮೀರಿದೆ ಅಂತ ಅರ್ಥ, ಅಂಥವು ಬೆಂದ ಮೇಲೆ ಕುಸಿಯುತ್ತವೆ.

ಬೇಯಿಸಲು ಬಿದಿರಿನ ಬುಟ್ಟಿ ಚಂದ. ಬಿದಿರು ಹಬೆಯ ನೀರನ್ನು ಹೀರುತ್ತದೆ, ಹನಿ ಬೀಳುವುದಿಲ್ಲ. ಆದರೆ ಇಡ್ಲಿ ಪಾತ್ರೆಯೇ ಧಾರಾಳ ಸಾಕು. ತಟ್ಟೆ ಇಡ್ಲಿಯ ತಟ್ಟೆಗಳಿದ್ದರಂತೂ ಒಂದೊಂದರಲ್ಲಿ ಒಂದೊಂದು, ಉಬ್ಬುವುದಕ್ಕೆ ಮೇಲೆ ಜಾಗ ಇರಬೇಕು ಅಷ್ಟೇ. ಕುಕ್ಕರ್ ಆದರೆ ವೆಯ್ಟ್ ಹಾಕಬೇಡಿ. ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಹನಿ ಬಿದ್ದಲ್ಲೆಲ್ಲ ಕಲೆ. ಒಂದು ಎಚ್ಚರಿಕೆ: ಇಲ್ಲಿ ಎಷ್ಟೋ ಮನೆಗಳಲ್ಲಿ ಇಂಡಕ್ಷನ್ ಒಲೆ. ಊರಿಂದ ಹೊತ್ತು ತಂದ ಅಲ್ಯೂಮಿನಿಯಂ ಇಡ್ಲಿ ಪಾತ್ರೆ ಅದರ ಮೇಲೆ ಕಾಯುವುದೇ ಇಲ್ಲ. ಕೊಳ್ಳುವ ಮುಂಚೆ ಪಾತ್ರೆಯ ತಳಕ್ಕೆ ಅಯಸ್ಕಾಂತ ಅಂಟುತ್ತದೆಯೇ ನೋಡಿ.

ನೀರು ಕುದಿ ಬಂದ ಮೇಲೆ ಪಾವ್ ಇಡಿ. ಮಧ್ಯಮ ಉರಿ, 10–12 ನಿಮಿಷ. ನಡುವೆ ಮುಚ್ಚಳ ತೆಗೆದು ಇಣುಕಬೇಡಿ. ಒಲೆ ಆರಿಸಿದ ಕೂಡಲೇ ತೆಗೆದರೆ ತಣ್ಣಗಿನ ಗಾಳಿ ತಾಗಿ ಮುಖ ಸುಕ್ಕುಗಟ್ಟುತ್ತದೆ. ಮುಚ್ಚಳವನ್ನು ಸ್ವಲ್ಪ ಓರೆ ಮಾಡಿ ಎರಡು ಮೂರು ನಿಮಿಷ ಬಿಟ್ಟು ತೆಗೆಯಿರಿ. ಉರಿ ಜೋರಾದರೂ ಸುಕ್ಕು ಬರುತ್ತದೆ. ಸುಕ್ಕಾದವು ರುಚಿಯಲ್ಲೇನೂ ಕಡಿಮೆಯಿಲ್ಲ, ಪಾಟ್‌ಲಕ್‌ಗೆ ಒಯ್ಯದೆ ಮನೆಯಲ್ಲೇ ಮುಗಿಸಿ.

ಆಲೂಗಡ್ಡೆ ಹೂರಣದ್ದನ್ನು ಇಲ್ಲಿಯ ಸೆಕೆಯಲ್ಲಿ ಇಡೀ ದಿನ ಹೊರಗೆ ಇಡಬೇಡಿ. ಆರಿದ ಮೇಲೆ ಡಬ್ಬಿಗೆ ಹಾಕಿ ಫ್ರೀಜರ್‌ಗೆ ಸೇರಿಸಿ. ಬೇಕಾದಾಗ ಕರಗಿಸದೆ ನೇರವಾಗಿ ಎಂಟು ಹತ್ತು ನಿಮಿಷ ಹಬೆಯಲ್ಲಿಟ್ಟರೆ ಹೊಸದರ ಹಾಗೇ ಇರುತ್ತದೆ. ಬೆಳಿಗ್ಗೆ ಅವಸರದಲ್ಲಿ ಮೈಕ್ರೋವೇವ್ ಮಾಡುವುದಾದರೆ ಒದ್ದೆ ಟಿಶ್ಯೂ ಸುತ್ತಿ, ಸ್ವಲ್ಪ ಸ್ವಲ್ಪವೇ ಬಿಸಿ ಮಾಡಿ. ಒಂದೇ ಸಲ ಜಾಸ್ತಿ ಹೊತ್ತು ಇಟ್ಟರೆ ಹೊರಗೆ ರಬ್ಬರ್ ಆಗುತ್ತದೆ, ಒಳಗಿನ ಆಲೂಗಡ್ಡೆ ಮಕ್ಕಳ ಬಾಯಿ ಸುಡುತ್ತದೆ.