ಟಪಾಲು ಸರಿಯಾಗಿ ತಲುಪದಿದ್ದರೆ ದೂರು ಕೊಡುವ ಬಗೆ

‘ನಮ್ಮ ಬಡಾವಣೆಗೆ ಟಪಾಲೇ ಬರುವುದಿಲ್ಲ’ ಎಂದು ಅಂಚೆ ಕಚೇರಿಯ ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದ ದೂರು ಅಲ್ಲಿಂದ ಮುಂದೆ ಹೋಗುವುದಿಲ್ಲ. ಯಾವ ಪತ್ರ ಯಾವ ದಿನ ಎಲ್ಲಿಂದ ಹೊರಟಿತು, ಎಲ್ಲಿ ನಿಂತಿತು ಎಂಬುದನ್ನು ಬರೆದು ತೋರಿಸಿದಾಗ ಮಾತ್ರ ಮೇಲಧಿಕಾರಿಗಳು ವಿಚಾರಣೆ ನಡೆಸಲು ಸಾಧ್ಯವಾಗುತ್ತದೆ.

ಮೊದಲು ನಿಮ್ಮ ವಿಳಾಸವನ್ನೇ ಪರೀಕ್ಷಿಸಿ. ಬೆಂಗಳೂರಿನಂಥ ಊರಿನಲ್ಲಿ ಒಂದೇ ಮನೆಗೆ ಹಳೆಯ ನಂಬರೂ ಹೊಸ ನಂಬರೂ ಇರುತ್ತವೆ. ಕ್ರಾಸ್, ಮೇನ್, ಹಂತಗಳಲ್ಲಿ ಒಂದು ಬಿಟ್ಟುಹೋದರೂ ಪತ್ರ ಬೇರೆ ಬೀದಿಗೆ ಹೋಗುತ್ತದೆ. ಹಳ್ಳಿಯ ವಿಳಾಸದಲ್ಲಿ ಗ್ರಾಮದ ಹೆಸರಿನ ಜೊತೆಗೆ ಅಂಚೆ, ತಾಲ್ಲೂಕು, ಜಿಲ್ಲೆ ಮತ್ತು ತಂದೆಯ ಅಥವಾ ಮನೆತನದ ಹೆಸರು ಇರಲೇಬೇಕು, ಏಕೆಂದರೆ ಒಂದೇ ಹೆಸರಿನ ಎರಡು ಹಳ್ಳಿಗಳಿರುವ ತಾಲ್ಲೂಕುಗಳು ನಮ್ಮಲ್ಲಿ ಅಪರೂಪವಲ್ಲ. 1972ರಿಂದ ಬಳಕೆಯಲ್ಲಿರುವ ಆರು ಅಂಕಿಗಳ ಪಿನ್ ಕೋಡ್ ಪತ್ರವನ್ನು ಬಟವಾಡೆ ಕಚೇರಿಯವರೆಗೆ ಮಾತ್ರ ತಲುಪಿಸುತ್ತದೆ. ಅಲ್ಲಿಂದ ಮನೆ ಬಾಗಿಲಿಗೆ ತರುವುದು ಉಳಿದ ಸಾಲುಗಳೇ.

ವಿಳಾಸ ಸರಿಯಿದ್ದೂ ವಿಳಂಬವಾಗುತ್ತಿದ್ದರೆ ಲಕೋಟೆಗಳನ್ನು ಎಸೆಯಬೇಡಿ. ಅಂಚೆಚೀಟಿಯ ಮೇಲೆ ಬಿದ್ದ ಮುದ್ರೆಯಲ್ಲಿ ಕಚೇರಿಯ ಹೆಸರು ಮತ್ತು ದಿನಾಂಕ ಇರುತ್ತವೆ. ಹಿಂಬದಿಯಲ್ಲಿ ಬಟವಾಡೆ ಕಚೇರಿಯ ಮುದ್ರೆಯೂ ಇದ್ದರೆ ಅದು ಬಹಳ ಬೆಲೆಯುಳ್ಳದ್ದು. ಉದಾಹರಣೆಗೆ, ಹಿಂಬದಿಯ ಮುದ್ರೆ 4ನೇ ತಾರೀಖಿನದಾಗಿದ್ದು ಪತ್ರ ನಿಮ್ಮ ಕೈಸೇರಿದ್ದು 11ರಂದು ಎಂದಾದರೆ, ದೋಷವಿರುವುದು ದೂರದ ಸಾಗಣೆಯಲ್ಲಲ್ಲ, ನಿಮ್ಮ ಊರಿನಲ್ಲೇ. ಕೈಸೇರಿದ ದಿನಾಂಕವನ್ನು ಲಕೋಟೆಯ ಮೇಲೆ ಆಗಲೇ ಬರೆದಿಡಿ. ಬೇರೆ ಬೇರೆ ಊರುಗಳ ಬಂಧುಗಳಿಂದ ಒಂದೇ ದಿನ ನಿಮಗೆ ಪತ್ರ ಹಾಕಿಸುವುದೂ ಒಳ್ಳೆಯ ಪರೀಕ್ಷೆ.

ಸಾಮಾನ್ಯ ಪತ್ರಕ್ಕೆ ರಸೀದಿಯಾಗಲಿ ನಂಬರಾಗಲಿ ಇಲ್ಲದ್ದರಿಂದ ಕಳೆದುಹೋದ ಒಂದೇ ಪತ್ರವನ್ನು ಹುಡುಕಿಸುವುದು ಬಹುತೇಕ ಅಸಾಧ್ಯ. ಮುಖ್ಯ ದಾಖಲೆಗಳನ್ನು ಸ್ಪೀಡ್ ಪೋಸ್ಟ್‌ನಲ್ಲಿಯೇ ಕಳುಹಿಸಬೇಕು. ರಿಜಿಸ್ಟರ್ಡ್ ಪೋಸ್ಟ್ ಕೂಡ 2025ರಲ್ಲಿ ಅದರೊಳಗೇ ವಿಲೀನವಾಗಿದೆ. ರಸೀದಿಯ ಮೇಲಿನ ಹದಿಮೂರು ಅಕ್ಷರ-ಅಂಕಿಗಳ ಸಂಖ್ಯೆಯಿಂದ ಪತ್ರದ ಹಾದಿಯನ್ನು ನೋಡಬಹುದು. ‘ಬಟವಾಡೆಯಾಗಿದೆ’ ಎಂದು ತೋರಿಸಿಯೂ ಪತ್ರ ಬಂದಿಲ್ಲವಾದರೆ, ಅದನ್ನು ಯಾರು ಸಹಿ ಮಾಡಿ ಪಡೆದರೆಂದು ಲಿಖಿತವಾಗಿ ಕೇಳಿರಿ.

ದೂರನ್ನು ಮೊದಲು ಬಟವಾಡೆ ಕಚೇರಿಯ ಪೋಸ್ಟ್‌ಮಾಸ್ಟರ್‌ಗೆ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬೈಯುವ ಧಾಟಿ ಬೇಡ. ಗ್ರಾಮೀಣ ಡಾಕ್ ಸೇವಕರು ದಿನಕ್ಕೆ ನಾಲ್ಕೈದು ಗಂಟೆಗಳ ಕೆಲಸದ ಲೆಕ್ಕದಲ್ಲಿ ಹಲವು ಹಳ್ಳಿಗಳನ್ನು ಸುತ್ತುವವರು. ಎಷ್ಟೋ ಕಡೆ ಕೊರತೆಯಿರುವುದು ಆಳುಗಳದ್ದೇ ಹೊರತು ಮನಸ್ಸಿನದ್ದಲ್ಲ. ಅಂಥಲ್ಲಿ ಒಬ್ಬರ ಅರ್ಜಿಗಿಂತ ಇಡೀ ಬೀದಿಯವರು ದಿನಾಂಕಗಳ ಪಟ್ಟಿಯೊಂದಿಗೆ ಸಹಿ ಮಾಡಿದ ಮನವಿಗೆ ತೂಕ ಹೆಚ್ಚು, ಏಕೆಂದರೆ ಹೆಚ್ಚುವರಿ ಬಟವಾಡೆ ಸಿಬ್ಬಂದಿಯನ್ನು ಕೇಳಲು ಮೇಲಧಿಕಾರಿಗಳಿಗೂ ಆಧಾರ ಬೇಕು.

ಅಲ್ಲಿ ಪರಿಹಾರ ಸಿಗದಿದ್ದರೆ ವಿಭಾಗದ ಅಂಚೆ ಅಧೀಕ್ಷಕರಿಗೆ ಬರೆಯಿರಿ, ಇಲ್ಲವೇ ಕೇಂದ್ರ ಸರ್ಕಾರದ ಸಿಪಿಗ್ರಾಮ್ಸ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. 2024ರ ಮಾರ್ಗಸೂಚಿಯ ಪ್ರಕಾರ ಅಲ್ಲಿನ ದೂರುಗಳು ಸಾಮಾನ್ಯವಾಗಿ 21 ದಿನಗಳಲ್ಲಿ ಇತ್ಯರ್ಥವಾಗಬೇಕು. ಗ್ರಾಹಕರ ದೂರುಗಳನ್ನು ಕೇಳಲು ಇಲಾಖೆ ಆಗಾಗ ನಡೆಸುವ ಅಂಚೆ ಅದಾಲತ್‌ಗೂ ಅರ್ಜಿ ಹಾಕಬಹುದು. ಆದರೆ ಹಣದ ಪರಿಹಾರವನ್ನು ಹೆಚ್ಚು ನೆಚ್ಚಬೇಡಿ. 2024ರ ಜೂನ್ 18ರಂದು ಜಾರಿಗೆ ಬಂದ 2023ರ ಅಂಚೆ ಕಚೇರಿ ಕಾಯ್ದೆಯ ಪ್ರಕಾರ, ನಿಯಮಗಳಲ್ಲಿ ಗೊತ್ತುಪಡಿಸಿದಷ್ಟು ಹೊಣೆಯನ್ನು ಮಾತ್ರ ಇಲಾಖೆ ಹೊರುತ್ತದೆ.

ಯಾವುದಕ್ಕೂ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಅದರ 10 ರೂಪಾಯಿ ಶುಲ್ಕವನ್ನು ಪೋಸ್ಟಲ್ ಆರ್ಡರ್ ಮೂಲಕವೇ ಕಟ್ಟಬಹುದು. ‘ಏಕೆ ತಡವಾಯಿತು’ ಎಂದು ಕೇಳಬೇಡಿ. ನಿಮ್ಮ ಬಟವಾಡೆ ಕಚೇರಿಗೆ ಮಂಜೂರಾದ ಹುದ್ದೆಗಳೆಷ್ಟು, ಭರ್ತಿಯಾಗಿರುವುದೆಷ್ಟು, ನಿಮ್ಮ ದೂರಿನ ಮೇಲೆ ಯಾವ ದಿನ ಯಾವ ಕ್ರಮ ಕೈಗೊಳ್ಳಲಾಯಿತು ಎಂಬ ದಾಖಲೆಗಳ ಪ್ರತಿಗಳನ್ನು ಕೇಳಿರಿ.