ಪಾಸ್‌ಪೋರ್ಟಿನ ಮುದ್ರೆ ಎಣಿಸುವುದನ್ನು ಬಿಟ್ಟ ಮೇಲೆ

ನಮ್ಮ ಶಾಲೆಯ ಅರಬ್ಬಿ ಓದಿನ ಯೋಜನೆಯ ಮೊದಲ ವರ್ಷದ ಲೆಕ್ಕ ಹೀಗಿತ್ತು: ಮೂರನೇ ಮತ್ತು ನಾಲ್ಕನೇ ತರಗತಿಯ ನೂರಹತ್ತು ಮಕ್ಕಳು ಸೇರಿ ಸುಮಾರು 2,600 ಪುಸ್ತಕ ಓದಿದ್ದಾರೆ. ಗ್ರಂಥಾಲಯದ ಎರವಲು ದಾಖಲೆಯಲ್ಲಿ ಇದ್ದದ್ದು 900 ಚಿಲ್ಲರೆ. ಉಳಿದ ಪುಸ್ತಕಗಳು ಎಲ್ಲಿಂದ ಬಂದವು ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಮನೆಯಲ್ಲಿದ್ದವು. ಇರಲಿ ಎಂದುಕೊಂಡು ಮಕ್ಕಳು ಬರೆದ ಸಾರಾಂಶಗಳನ್ನು ತಿರುವಿ ಹಾಕಿದೆ. ಒಂಬತ್ತು ಮಕ್ಕಳ ಪುಸ್ತಿಕೆಯಲ್ಲಿ ಒಂದೇ ಸಿಂಹದ ಕಥೆ, ಒಂದೇ ಐದು ಸಾಲು, ಮೂರನೆಯ ಸಾಲಿನ ಅದೇ ಪದದಲ್ಲಿ ಒಂಬತ್ತು ಕಡೆಯೂ ಹಮ್ಝಾ ಎಂಬ ಅರಬ್ಬಿ ಅಕ್ಷರ ಬಿಟ್ಟುಹೋಗಿತ್ತು. ತಾಯಂದಿರ ವಾಟ್ಸ್‌ಆಪ್ ಗುಂಪಿನಲ್ಲಿ ಯಾರೋ ಒಬ್ಬರು ಬರೆದು ಹಾಕಿದ್ದನ್ನು ಉಳಿದವರು ಇಳಿಸಿಕೊಂಡಿದ್ದರು. ಆ ವರ್ಷ ಬಹುಮಾನಕ್ಕೆಂದೇ ಶಾಲೆ 3,000 ದಿರ್ಹಮ್ ಹತ್ತಿರ ಖರ್ಚು ಮಾಡಿತ್ತು.

ನಾನು ಭಟ್ಕಳದವನು. ಶಾರ್ಜಾದ ಒಂದು ಖಾಸಗಿ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಗ್ರಂಥಾಲಯ ನೋಡಿಕೊಳ್ಳುತ್ತಿದ್ದೇನೆ. ಮಕ್ಕಳಲ್ಲಿ ಹೆಚ್ಚಿನವರು ಈಜಿಪ್ಟ್, ಸಿರಿಯಾ, ಜೋರ್ಡನ್, ಸುಡಾನಿನವರು, ಒಂದಿಷ್ಟು ಎಮಿರಾತಿಗಳು. ನಮ್ಮ ಓದಿನ ಯೋಜನೆ ಹೊಸ ಆವಿಷ್ಕಾರವೇನಲ್ಲ. ದುಬೈಯಿಂದ 2015ರಲ್ಲಿ ಶುರುವಾದ 'ಅರಬ್ ಓದಿನ ಸವಾಲು' ಎಂಬ ಸ್ಪರ್ಧೆಯನ್ನು ನೋಡಿ ಮಾಡಿದ ಮನೆಯಡುಗೆ: ದಿನಕ್ಕೆ ಇಪ್ಪತ್ತು ನಿಮಿಷ ತರಗತಿಯಲ್ಲಿ ಓದು, ಓದಿದ್ದಕ್ಕೆ ಸಾರಾಂಶ ಬರೆಯುವ ಪಾಸ್‌ಪೋರ್ಟ್, ಅದಕ್ಕೊಂದು ಮುದ್ರೆ, ಮಾರ್ಚ್ ಓದಿನ ತಿಂಗಳಿನಲ್ಲಿ ಬಹುಮಾನ. ಆ ಸವಾಲಿನಲ್ಲಿ ತೀರ್ಪುಗಾರರು ಮಗುವನ್ನು ಎದುರಿಗೆ ಕೂರಿಸಿಕೊಂಡು ಮಾತನಾಡಿಸುತ್ತಾರೆ, ಪೊಳ್ಳು ಅಲ್ಲೇ ಸಿಕ್ಕಿಬೀಳುತ್ತದೆ. ನಾವು ಮುದ್ರೆಯನ್ನು ತಂದೆವು, ಕೂರಿಸಿ ಕೇಳುವುದನ್ನು ಬಿಟ್ಟೆವು.

ಎರಡನೇ ವರ್ಷ ಪ್ರಶ್ನಾವಳಿಗೆ ಕೈಹಾಕಿದೆ. ಓದುವುದು ನಿನಗೆ ಇಷ್ಟವೇ, ಐದು ಮುಖಗಳಲ್ಲಿ ಒಂದಕ್ಕೆ ಬಣ್ಣ ಹಚ್ಚು. ಸೆಪ್ಟೆಂಬರಿನಲ್ಲೂ ನಗುಮುಖ, ಜೂನ್‌ನಲ್ಲೂ ನಗುಮುಖ. ಒಬ್ಬ ಹುಡುಗ ಐದಕ್ಕೂ ಬಣ್ಣ ಹಚ್ಚಿ, ಅಳುವ ಮುಖಕ್ಕೆ ಮೀಸೆಯನ್ನೂ ಬರೆದಿದ್ದ. ನನಗೆ ಸಿಕ್ಕ ಅತ್ಯಂತ ಪ್ರಾಮಾಣಿಕ ಉತ್ತರ ಅದೇ ಎಂದು ಈಗಲೂ ಅನ್ನಿಸುತ್ತದೆ. ಅದೇ ವರ್ಷ ಓದಿನಲ್ಲಿ ತೀರಾ ಹಿಂದುಳಿದ ಇಪ್ಪತ್ತು ಮಕ್ಕಳನ್ನು ಆರಿಸಿ, ಅವರಿಗೆ ಹೆಚ್ಚುವರಿ ಓದು ಕೊಟ್ಟು, ಅಂಕ ಏರಿತೆಂದು ಪ್ರಾಂಶುಪಾಲರ ಮುಂದೆ ನಕ್ಷೆ ತೋರಿಸಿದೆ. ತೀರಾ ಕೆಳಗಿದ್ದವರನ್ನೇ ಆರಿಸಿದರೆ ಎರಡನೇ ಸಲ ಏನೂ ಮಾಡದೆಯೂ ಒಂದಿಷ್ಟು ಏರುತ್ತಾರೆ ಎನ್ನುವುದು ಈ ಕೆಲಸದಲ್ಲಿರುವ ನಿಮಗೆ ಗೊತ್ತು. ನನಗೂ ಗೊತ್ತಿತ್ತು, ಆದರೂ ತೋರಿಸಿದೆ. ಗಣಿತದ ಮೇಷ್ಟ್ರು ಸಭೆಯಲ್ಲೇ ಎದ್ದು ನಿಂತು ಅದನ್ನೇ ಕೇಳಿದರು. ಆ ಅವಮಾನ ಬೇಕಿತ್ತು ಎನ್ನಿ.

ಇಂಗ್ಲಿಷಿನಿಂದ ಅನುವಾದವಾದ ಒಂದು ಪರೀಕ್ಷೆಯನ್ನೂ ತಂದು ನೋಡಿದೆ. ಹಿಮದಲ್ಲಿ ಕೈಗವಸು ಕಳೆದುಕೊಂಡ ಹುಡುಗನ ಕಥೆ. ಶಾರ್ಜಾದ ಮಗುವಿಗೆ ಕೈಗವಸು ಎಂದರೆ ಅಮ್ಮ ಪಾತ್ರೆ ತೊಳೆಯುವಾಗ ಹಾಕಿಕೊಳ್ಳುವುದು. ಪುಟಗಳನ್ನು ಮಡಚಿ ಇಟ್ಟೆ.

ಮಗುವಿನ ದನಿಯನ್ನೇ ಅಳೆಯುತ್ತೇನೆ ಎಂದು ಮೂರನೇ ವರ್ಷ ಹೇಳಿದಾಗ ಅರಬ್ಬಿ ವಿಭಾಗದ ಮುಖ್ಯಸ್ಥೆ ನಕ್ಕರು. ಈಜಿಪ್ಟಿನವರು, ಮೂವತ್ತು ವರ್ಷ ಪಾಠ ಮಾಡಿದವರು. "ಉಸ್ತಾದ್, ಕಪಾಟು ನಿಮ್ಮದು, ಭಾಷೆ ನಮ್ಮದು" ಎಂದರು. ಅದರಲ್ಲಿ ತಪ್ಪೇನಿರಲಿಲ್ಲ. ನನ್ನ ಅರಬ್ಬಿ ಊರಿನ ಮದರಸಾದ್ದು. ಹರಕತ್, ಅಂದರೆ ಅಕ್ಷರದ ಮೇಲೆ ಕೆಳಗೆ ಹಾಕುವ ಸ್ವರಚಿಹ್ನೆ, ಇದ್ದರೆ ಸರಾಗವಾಗಿ ಓದುತ್ತೇನೆ, ಅರ್ಥ ಅರ್ಧದಷ್ಟು. ಅವರ ಮಕ್ಕಳದು ಇದಕ್ಕೆ ಸರಿಯಾಗಿ ಉಲ್ಟಾ. ಬಾಯಿತುಂಬ ಅರಬ್ಬಿ ಮಾತನಾಡುತ್ತಾರೆ, ಪುಸ್ತಕ ತೆರೆದರೆ ಅದು ಬೇರೆಯೇ ಅರಬ್ಬಿ. ಮನೆಯಲ್ಲಿ ನವಾಯತಿ, ಶಾಲೆಯಲ್ಲಿ ಪುಸ್ತಕದ ಕನ್ನಡ ಎಂದು ಬೆಳೆದ ನನಗೆ ಆ ಮಕ್ಕಳ ಪೇಚು ಕೆಲವು ಶಿಕ್ಷಕರಿಗಿಂತ ಬೇಗ ಹೊಳೆಯಿತು ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ.

ನನ್ನ ಅಳತೆ ಇಷ್ಟೇ: ಒಂದು ನಿಮಿಷದ ಗಟ್ಟಿ ಓದು, ನಂತರ ಓದಿದ್ದನ್ನು ಕೇಳಿ ಹೇಳಿಸುವುದು. ಈಜಿಪ್ಟ್, ಜೋರ್ಡನ್‌ಗಳಲ್ಲಿ ನಡೆದ ಎಗ್ರಾ ಎಂಬ ಚಿಕ್ಕ ತರಗತಿಗಳ ಓದಿನ ಪರೀಕ್ಷೆ ನೋಡಿದವರಿಗೆ ವಿವರಿಸಬೇಕಾಗಿಲ್ಲ. ನಾನು ಬದಲಿಸಿದ್ದು ಎರಡು. ಮೊದಲನೆಯದು, ನಾಲ್ಕು ವಿಭಾಗಗಳಲ್ಲಿ ಎರಡಕ್ಕೆ ಸೆಪ್ಟೆಂಬರಿನಲ್ಲಿ ಯೋಜನೆ ಶುರು, ಇನ್ನೆರಡಕ್ಕೆ ಜನವರಿಯಲ್ಲಿ. ಯಾವುವು ಮೊದಲು ಎಂಬುದನ್ನು ಶಿಕ್ಷಕರ ಕೋಣೆಯಲ್ಲಿ ಚಹಾದ ಲೋಟಕ್ಕೆ ಚೀಟಿ ಹಾಕಿ ಎತ್ತಿದೆವು. ಕೊನೆಗೆ ಎಲ್ಲರಿಗೂ ಸಿಗುತ್ತದೆ ಎಂದಾದ್ದರಿಂದ ತಾಯಂದಿರ ತಕರಾರು ಇರಲಿಲ್ಲ. ಎರಡನೆಯದು, ಓದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಹೆಸರು ತೆಗೆದು ಸಂಖ್ಯೆ ಹಾಕಿ, ಸೆಪ್ಟೆಂಬರ್, ಜನವರಿ, ಜೂನ್ ಮೂರನ್ನೂ ಕಲಸಿ, ಬೇರೆ ಶಾಲೆಯ ಇಬ್ಬರು ಶಿಕ್ಷಕಿಯರಿಗೆ ಕೊಟ್ಟೆ. ಯಾವುದು ಮೊದಲಿನದು, ಯಾವುದು ನಂತರದ್ದು ಎಂದು ಅವರಿಗೆ ತಿಳಿಯದು. ನನಗೆ ಅರಬ್ಬಿ ಬಾರದು ಎಂಬ ದೂರಿಗೆ ಇದೇ ಉತ್ತರ: ನಾನು ಒಂದು ಅಂಕವನ್ನೂ ಹಾಕಲಿಲ್ಲ.

ಖರ್ಚು ನೆನಪಿದ್ದಷ್ಟು: ಹಳೆಯ ಮೊಬೈಲ್ ಎರಡು, 240 ದಿರ್ಹಮ್. ಸಮಾನ ಕಷ್ಟದ ಮೂರು ಪಠ್ಯ ಬರೆದುಕೊಟ್ಟ ಸಿರಿಯಾದ ನಿವೃತ್ತ ಶಿಕ್ಷಕರಿಗೆ 300. ಅಂಕ ಹಾಕಿದವರಿಗೆ ಧ್ವನಿಮುದ್ರಿಕೆಯೊಂದಕ್ಕೆ 2 ದಿರ್ಹಮ್, ಸುಮಾರು 300 ಮುದ್ರಿಕೆ, ಇಬ್ಬರು, ಅಲ್ಲಿಗೆ 1,200. ಜೆರಾಕ್ಸ್, ಚೀಟಿ, ಮಕ್ಕಳಿಗೆ ಖರ್ಜೂರದ ಬಿಸ್ಕತ್ತು ಸೇರಿ ಇನ್ನೊಂದು 150. ಶಾಲೆ ಕೊಟ್ಟದ್ದು 700. ಉಳಿದದ್ದು ನನ್ನ ಜೇಬು. ಆ ತಿಂಗಳು ಊರಿಗೆ ಕಳುಹಿಸುವ ಹಣ ಕಡಿಮೆಯಾಯಿತು. "ಬೇರೆಯವರ ಮಕ್ಕಳ ಓದು ಅಳೆಯಲು ನಮ್ಮ ಮನೆಯ ಹಣವೇ?" ಎಂದು ಹೆಂಡತಿ ಕೇಳಿದಳು. ಉತ್ತರ ಇರಲಿಲ್ಲ.

ಸೆಪ್ಟೆಂಬರಿನ ಮೊದಲ ಮೂವತ್ತು ಮುದ್ರಿಕೆ ಹಾಳಾದವು. ಗ್ರಂಥಾಲಯದಲ್ಲೇ ಮಾಡಿದ್ದೆ, ಎಸಿಯ ಗುರುಗುರುವಿನಲ್ಲಿ ಮಗುವಿನ ದನಿ ಮುಳುಗಿಹೋಗಿತ್ತು. ಆಮೇಲೆ ಪಠ್ಯಪುಸ್ತಕ ಪೇರಿಸಿಡುವ ಕೋಣೆಗೆ ಹೋದೆ. ಸುತ್ತ ಕಾಗದದ ಗೋಡೆ, ಕೆಳಗೆ ನಮಾಜಿನ ಹಳೆಯ ಚಾಪೆ, ಸ್ಟುಡಿಯೋಗಿಂತ ಚೆನ್ನಾಗಿ ಬಂತು. 2022ರಿಂದ ಶಾರ್ಜಾದಲ್ಲಿ ವಾರಕ್ಕೆ ನಾಲ್ಕೇ ದಿನ ಶಾಲೆ. ಒಂದು ಸುತ್ತು ಮುಗಿಸಲು ಮೂರು ವಾರ ಹಿಡಿಯಿತು. ರಂಜಾನಿನಲ್ಲಿ ಅಳೆಯಲೇಬೇಡಿ. ರಾತ್ರಿಯೆಲ್ಲ ಎಚ್ಚರವಿದ್ದ ಮಗು ಬೆಳಿಗ್ಗೆ ಓದುವುದು ಓದಲ್ಲ, ಆಕಳಿಕೆ.

ನಿಜವಾದ ಜಗಳ ಶುರುವಾದದ್ದು ತಪ್ಪು ಎಂದರೇನು ಎಂಬಲ್ಲಿ. ಪರೀಕ್ಷೆಗೆಂದು ಮೊದಲ ಹತ್ತು ಮುದ್ರಿಕೆ ಕೊಟ್ಟಾಗ ಒಬ್ಬರು 52 ಪದ ಸರಿ ಎಂದರೆ ಇನ್ನೊಬ್ಬರು ಅದೇ ಮಗುವಿಗೆ 31 ಕೊಟ್ಟಿದ್ದರು. ಕೂತು ಕೇಳಿದರೆ ಕಾರಣ ಪದದ ಕೊನೆಯ ಸ್ವರ. ವ್ಯಾಕರಣದ ಪ್ರಕಾರ ಪದದ ಕೊನೆಗೆ ಉ, ಅ, ಇ ಬರಬೇಕು. ಮಕ್ಕಳು ಅದನ್ನು ನುಂಗಿ ಮುಂದೆ ಹೋಗುತ್ತಾರೆ. ಅರಬ್ಬಿ ಮೇಷ್ಟ್ರುಗಳೇ 'ಸಕ್ಕಿನ್ ತಸ್ಲಮ್' ಎನ್ನುತ್ತಾರೆ, ಕೊನೆ ನುಂಗಿದರೆ ಕ್ಷೇಮ ಎಂದು. ಎರಡನೇ ಶಿಕ್ಷಕಿ ನುಂಗಿದ್ದಕ್ಕೆಲ್ಲ ಗೀಟು ಹಾಕಿದ್ದರು. ಒಳಗಿನ ಸ್ವರ ತಪ್ಪಿದರೆ ತಪ್ಪು, ಕೊನೆಯದು ನುಂಗಿದರೆ ತಪ್ಪಲ್ಲ ಎಂದು ನಿಯಮ ಮಾಡಿದೆವು. ಉದಾಹರಣೆಗೆ 'ಕತಬ' ಎಂದರೆ ಬರೆದನು, 'ಕುತುಬ್' ಎಂದರೆ ಪುಸ್ತಕಗಳು. ಅಕ್ಷರ ಅವೇ ಮೂರು. ಇಲ್ಲಿ ಅದಲುಬದಲಾದರೆ ಗೀಟು, ಆದರೆ ಮಗು ತಾನೇ ತಡೆದು ತಿದ್ದಿಕೊಂಡರೆ ಸರಿ. ಇನ್ನೊಂದು ಉಚ್ಚಾರದ್ದು. ಈಜಿಪ್ಟಿನ ಮಗು 'ಜಮೀಲ್' ಎಂಬುದನ್ನು 'ಗಮೀಲ್' ಎನ್ನುತ್ತದೆ. ಜೋರ್ಡನಿನ ಶಿಕ್ಷಕಿ ಅದನ್ನೂ ಹೊಡೆದಿದ್ದರು. ಊರಿನ ನಾಲಗೆಗೆ ದಂಡವಿಲ್ಲ ಎಂದು ಬರೆದುಕೊಂಡ ಮೇಲೆ ಇಬ್ಬರ ಅಂತರ ಮೂರು ನಾಲ್ಕು ಪದಕ್ಕೆ ಇಳಿಯಿತು. ಈ ಒಂದೂವರೆ ಪುಟದ ನಿಯಮವೇ ಇಡೀ ಕೆಲಸದ ಬೆನ್ನೆಲುಬು. ಉಳಿದ ನಿಯಮಗಳನ್ನು ಇಲ್ಲಿ ಹಾಕುವುದಿಲ್ಲ, ನೀವೂ ಒಮ್ಮೆ ಜಗಳವಾಡಿಯೇ ಕಂಡುಕೊಳ್ಳಬೇಕು.

ನಡುವೆ ಎರಡು ಹುಚ್ಚಾಟ ಮಾಡಿದೆ. ನಾಲ್ಕನೇ ತರಗತಿಯ ಇಪ್ಪತ್ತು ಮಕ್ಕಳಿಗೆ ಒಂದೇ ಅಳತೆಯ ಎರಡು ಪಠ್ಯ, ಒಂದಕ್ಕೆ ಪೂರ್ತಿ ಹರಕತ್, ಇನ್ನೊಂದಕ್ಕೆ ಇಲ್ಲ. ಹರಕತ್ ಇದ್ದರೆ ಎಲ್ಲರಿಗೂ ಸುಲಭ ಎಂದುಕೊಂಡಿದ್ದೆ, ನನಗೆ ಹಾಗೇ ಅಲ್ಲವೇ. ಚೆನ್ನಾಗಿ ಓದುವ ಏಳೆಂಟು ಮಕ್ಕಳು ಹರಕತ್ ಇದ್ದ ಪಠ್ಯದಲ್ಲೇ ನಿಧಾನವಾದರು. ಇಪ್ಪತ್ತು ಮಕ್ಕಳಿಂದ ಏನನ್ನೂ ಸಾಧಿಸಲಾಗದು, ಆದರೆ ಅಳತೆಯ ಪಠ್ಯ ಮೂರರಲ್ಲೂ ಒಂದೇ ಬಗೆಯಾಗಿರಲಿ ಎಂದು ಪಟ್ಟು ಹಿಡಿದದ್ದು ಅದರಿಂದಲೇ.

ಇನ್ನೊಂದು ಕಥೆ ಹೇಳಿಸುವುದರಲ್ಲಿ. ಓದಿದ್ದನ್ನು ಹೇಳು ಎಂದರೆ ಮಕ್ಕಳು ಪುಸ್ತಕದ ಅರಬ್ಬಿಯಲ್ಲಿ ಎರಡು ವಾಕ್ಯ ಹೇಳಿ ಚಾವಣಿ ನೋಡುತ್ತಿದ್ದರು. ಒಂದು ದಿನ ಸುಡಾನಿನ ಹುಡುಗಿಯೊಬ್ಬಳಿಗೆ "ನಿನ್ನ ಅಜ್ಜಿಗೆ ಹೇಳುವ ಹಾಗೆ ಹೇಳು" ಎಂದೆ. ಕೋಳಿ ಎಲ್ಲಿ ಹೋಯಿತು, ಯಾರು ಕದ್ದರು, ನೆರೆಯವಳು ಏಕೆ ಸುಮ್ಮನಿದ್ದಳು, ಎಲ್ಲ ಬಂತು, ಕಥೆಯಲ್ಲಿ ಇಲ್ಲದ್ದೂ ಬಂತು. ಅರ್ಥವಾಗಿಲ್ಲ ಎಂದು ನಾವು ಎರಡು ವರ್ಷ ಬರೆದುಕೊಂಡಿದ್ದ ಎಷ್ಟೋ ಮಕ್ಕಳಿಗೆ ಅರ್ಥವಾಗಿತ್ತು. ಅಂದಿನಿಂದ ಮನೆಮಾತಿನಲ್ಲೇ ಹೇಳಿಸಿದೆವು. ಮುಖ್ಯಸ್ಥೆಗೆ ಇದು ಕೊನೆಯವರೆಗೂ ರುಚಿಸಲಿಲ್ಲ.

ಮಕ್ಕಳು ಪುಸ್ತಕ ತೆರೆದಿದ್ದಾರೆಯೇ ಎಂದು ಗೊತ್ತುಮಾಡಿಕೊಳ್ಳಲು ನನ್ನದೊಂದು ಉಪಾಯವಿದೆ. ಪುಸ್ತಕದ ಎರಡು ಹಾಳೆಗಳ ಅಂಚನ್ನು ಒಂದು ಚುಕ್ಕೆಯಷ್ಟು ಅಂಟಿಸಿ ಕಳುಹಿಸುವುದು. ಓದಿದವರು ಬಿಡಿಸಲೇಬೇಕು, ಹಾಳೆಯೂ ಹರಿಯದು. ಯಾವ ಅಂಟು, ಎಷ್ಟನೇ ಪುಟ ಎಂದು ಹೇಳಲಾರೆ. ಇದನ್ನು ಓದುವ ಕೆಲವರ ಮಕ್ಕಳು ನಮ್ಮ ಶಾಲೆಯಲ್ಲೇ ಇದ್ದಾರೆ. ಅರವತ್ತು ಪುಸ್ತಕಗಳಲ್ಲಿ ಇಪ್ಪತ್ತೈದರಷ್ಟು ಅಂಟು ಬಿಡದೆ ವಾಪಸು ಬಂದವು, ಅವುಗಳಲ್ಲಿ ಹೆಚ್ಚಿನವಕ್ಕೆ ಮುದ್ರೆ ಬಿದ್ದಿತ್ತು ಎಂದಷ್ಟೇ ಹೇಳಿದರೆ ಸಾಕು.

ಜೂನ್ ಕೊನೆಗೆ ಅಂಕ ಬಂದವು. ಮೊದಲು ಶುರು ಮಾಡಿದ ಎರಡು ವಿಭಾಗಗಳು ಸೆಪ್ಟೆಂಬರಿನಲ್ಲಿ ನಿಮಿಷಕ್ಕೆ ಸುಮಾರು 41 ಪದ, ಜನವರಿಗೆ 54. ಕಾಯುತ್ತಿದ್ದವರು 42ರಿಂದ 47. ಶುರುವಾದ ಮೇಲೆ ಜೂನ್‌ಗೆ ಅವರೂ 56 ಮುಟ್ಟಿದರು. ಜನವರಿವರೆಗಿನ ಏರಿಕೆಯಲ್ಲಿ ಎಂಟು ಪದದ ಅಂತರ ದೊಡ್ಡದೇನಲ್ಲ, ಆದರೆ ಇದು ನಾಲ್ಕು ತಿಂಗಳಿನದು, ಮತ್ತು ಕೇಳಿದವರಿಗೆ ಯಾರು ಯಾರೆಂದು ಗೊತ್ತಿರಲಿಲ್ಲ. ಮುದ್ರೆಗೂ ಓದಿಗೂ ಸಂಬಂಧವೇ ಕಾಣಲಿಲ್ಲ. ಐವತ್ತು ಪುಸ್ತಕದ ವೀರ ವರ್ಷವಿಡೀ ಎರಡು ಪದ ಏರಿದ್ದ. ಮೊದಲು ಶುರು ಮಾಡಿದ ಒಂದು ವಿಭಾಗ ಮಾತ್ರ ಅಷ್ಟೇನೂ ಅಲುಗಲಿಲ್ಲ. ಅಲ್ಲಿ ಆ ಇಪ್ಪತ್ತು ನಿಮಿಷ ನೋಟುಪುಸ್ತಕ ತಿದ್ದುವುದಕ್ಕೆ ಹೋಗುತ್ತಿತ್ತು. ಅತಿ ಹೆಚ್ಚು ಏರಿದ ವಿಭಾಗದಲ್ಲಿ ಶಿಕ್ಷಕಿ ಹತ್ತು ನಿಮಿಷ ತಾವೇ ಗಟ್ಟಿಯಾಗಿ ಓದಿ ಆಮೇಲೆ ಪುಸ್ತಕ ಕೊಡುತ್ತಿದ್ದರು. ಅದು ವಿಧಾನದ ಗುಣವೋ ಆಕೆಯ ಗುಣವೋ, ಒಂದೇ ವಿಭಾಗದಿಂದ ಹೇಳಲು ಬಾರದು.

ಗಣಿತದ ಮೇಷ್ಟ್ರು ಈ ಸಲ ಅಂಕಿಗಳನ್ನು ಮನೆಗೆ ಒಯ್ದು, ಮೂರು ದಿನ ಇಟ್ಟುಕೊಂಡು, ಏನೂ ಹೇಳದೆ ವಾಪಸು ಕೊಟ್ಟರು. ಅವರ ಮಟ್ಟಿಗೆ ಅದು ಶಹಬ್ಬಾಸ್. ಮುಖ್ಯಸ್ಥೆ ಒಬ್ಬನೇ ಹುಡುಗನ ಎರಡು ಮುದ್ರಿಕೆ ಕೇಳಿದರು, ಸೆಪ್ಟೆಂಬರಿನದು, ಜೂನ್‌ನದು. ಇಬ್ಬರು ಬೇರೆ ಹುಡುಗರಲ್ಲವೇ ಎಂದು ಎರಡು ಸಲ ಕೇಳಿ, ಪ್ರತಿ ಬೇಕು ಎಂದರು. ವರ್ಷದ ಕೊನೆಗೆ ಅಳಿಸುತ್ತೇನೆ ಎಂದು ಪೋಷಕರಿಗೆ ಬರೆದುಕೊಟ್ಟಿದ್ದೆ, ಹಾಗಾಗಿ ಕೊಡಲಿಲ್ಲ.

ಬಹುಮಾನದ ಹಣದಲ್ಲಿ ಅರ್ಧವನ್ನು ಪುಸ್ತಕಕ್ಕೆ ತಿರುಗಿಸಲು ಆಡಳಿತ ಒಪ್ಪಿತು. ನವೆಂಬರಿನ ಶಾರ್ಜಾ ಪುಸ್ತಕ ಮೇಳದ ಕೊನೆಯ ದಿನ, ಮಲಯಾಳಂ ಮಳಿಗೆಗಳ ಜಂಗುಳಿ ದಾಟಿ ಅರಬ್ಬಿ ಪ್ರಕಾಶಕರ ಬಳಿ ಹೋದೆ. ಪೆಟ್ಟಿಗೆ ಕಟ್ಟಿ ವಾಪಸು ಸಾಗಿಸಲು ಮನಸ್ಸಿಲ್ಲದವರು ಚೌಕಾಸಿಗೆ ಬಗ್ಗುತ್ತಾರೆ. 30 ದಿರ್ಹಮಿನ ಪುಸ್ತಕ 15ಕ್ಕೆ ಬಂತು. ಎಷ್ಟು ಗಂಟೆಗೆ ಹೋಗಬೇಕು ಎಂಬುದು ನನ್ನಲ್ಲೇ ಇರಲಿ.

ಈ ವರ್ಷದ ಸುತ್ತಿಗೆ ಹೊರಟರೆ ಹಳೆಯ ಮೊಬೈಲೊಂದರ ಬ್ಯಾಟರಿ ಉಬ್ಬಿ ಹಿಂಬದಿ ಕಳಚಿಬಂದಿದೆ. ಹೊಸದಕ್ಕೆ ಅರ್ಜಿ ಕೊಟ್ಟೆ. ಅಳತೆಯ ಉಪಕರಣಕ್ಕೆ ಅನುದಾನವಿಲ್ಲ, ಬಹುಮಾನದ ಲೆಕ್ಕದಲ್ಲಿ ಹಣ ಉಳಿದಿದೆ, ಅದರಲ್ಲೇ ಕೊಳ್ಳಿ ಎಂದು ಲೆಕ್ಕಪತ್ರದವರು ಹೇಳಿದ್ದಾರೆ. ಬಹುಮಾನ ಪಡೆದವರು ಎಂಬ ಜಾಗದಲ್ಲಿ ಯಾರ ಹೆಸರು ಬರೆಯುವುದೆಂದು ಯೋಚಿಸುತ್ತಿದ್ದೇನೆ.